ಗೇ ಅಥವಾ ಲೆಸ್ಬಿಯನ್ ಆಗಿದ್ದು ಕೌನ್ಸೆಲಿಂಗ್‌ಗೆ ಹೋಗುವುದು ಹೇಗೆ?

ನಾನು ಕೌನ್ಸೆಲರ್. ಮೊದಲ ಸಲ ಬರುವವರಿಗೆ ಒಂದು ಪುಟದ ಫಾರ್ಮ್ ಕೊಡುತ್ತೇನೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ, ಹೀಗೆ. ಕೊನೆಗೆ ‘ಏನು ತೊಂದರೆ?’ ಎಂದು ಕೇಳಿ ನಾಲ್ಕು ಗೆರೆ ಬಿಟ್ಟಿರುತ್ತೇನೆ. ಗೇ ಅಥವಾ ಲೆಸ್ಬಿಯನ್ ಆಗಿರುವವರಲ್ಲಿ ಹಲವರು ಅಲ್ಲಿ ಏನೋ ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಟೆನ್ಷನ್’ ಎಂದು ಬರೆದು ಕೊಡುತ್ತಾರೆ. ಹೊಡೆದುಹಾಕಿದ್ದನ್ನು ನಾನು ಓದಲು ಹೋಗುವುದಿಲ್ಲ. ಅರ್ಧ ಗಂಟೆ ಮಾತಾಡಿದ ಮೇಲೆ ಅದೇ ತಾನಾಗಿ ಹೊರಬರುತ್ತದೆ: “ನಾನು ಹೀಗಿದ್ದೀನಿ, ಅದಕ್ಕೇ ಹೀಗಾಗಿದೆ.”

ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಗಂಟು ಬಿದ್ದಿವೆ. ಒಂದು, ನಿಮ್ಮ ಒಲವು, ಅಂದರೆ ಮನಸ್ಸು ಯಾರ ಕಡೆ ಸೆಳೆಯುತ್ತದೆ ಎಂಬುದು. ಇನ್ನೊಂದು, ನಿದ್ದೆ ಬಾರದಿರುವುದು, ಎದೆ ಡವಡವ ಅನ್ನುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಎರಡನೆಯದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲನೆಯದಕ್ಕೆ ಇಲ್ಲ, ಬೇಕಾಗಿಯೂ ಇಲ್ಲ. ಈ ಗಂಟನ್ನು ನೀವೇ ಸ್ವಲ್ಪ ಬಿಡಿಸಿಕೊಂಡು ಹೋದರೆ ಒಳ್ಳೆಯ ಕೌನ್ಸೆಲರ್‌ಗೆ ಕೆಲಸ ಸುಲಭ. ಕೆಟ್ಟ ಕೌನ್ಸೆಲರ್ ಸಿಕ್ಕರೂ ಬೇಗ ಗೊತ್ತಾಗಿಬಿಡುತ್ತದೆ.

ಕಾಯಿಲೆ ಅಲ್ಲ ಅಂತ ಯಾರು ಹೇಳಿದ್ದು?

ಮನೆಯವರು ಇದನ್ನು ಕೇಳುತ್ತಾರೆ. ರಾತ್ರಿ ಹೊತ್ತು ನೀವೇ ಕೇಳಿಕೊಂಡಿರುತ್ತೀರಿ. ಉತ್ತರ ಬಾಯಲ್ಲಿರಲಿ.

1950ರ ದಶಕದವರೆಗೆ ಮನೋವೈದ್ಯರು ಸಲಿಂಗಕಾಮದ ಬಗ್ಗೆ ಬರೆದದ್ದೆಲ್ಲ ಹೆಚ್ಚಾಗಿ ಆಸ್ಪತ್ರೆಗೆ ಬಂದವರನ್ನು, ಜೈಲಿನಲ್ಲಿದ್ದವರನ್ನು ನೋಡಿ ಬರೆದದ್ದು. ಬರೀ ರೋಗಿಗಳನ್ನು ನೋಡಿದರೆ ಎಲ್ಲರೂ ರೋಗಿಗಳಂತೆಯೇ ಕಾಣುತ್ತಾರೆ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ ಕೇಳಿದ್ದು ಇದನ್ನೇ. ಚಿಕಿತ್ಸೆಗೆ ಹೋಗದೆ ತಮ್ಮ ಪಾಡಿಗೆ ಬದುಕುತ್ತಿದ್ದ 30 ಗೇ ಪುರುಷರನ್ನು, ವಯಸ್ಸು, ಓದು, ಐಕ್ಯೂ ಹೊಂದುವ ಇತರ 30 ಪುರುಷರನ್ನು ಆರಿಸಿಕೊಂಡರು. ಶಾಯಿ ಕಲೆ ತೋರಿಸಿ ‘ಇದರಲ್ಲಿ ಏನು ಕಾಣುತ್ತೆ’ ಎಂದು ಕೇಳುವ ರೋರ್ಶಾಕ್ ಪರೀಕ್ಷೆ ಸೇರಿ ಕೆಲವು ಪರೀಕ್ಷೆ ಮಾಡಿದರು. ಹೆಸರು, ಗುರುತು ತೆಗೆದು ಉತ್ತರಗಳನ್ನು ಆ ಪರೀಕ್ಷೆಗಳ ಪರಿಣತರ ಮುಂದಿಟ್ಟರು. ಮಾನಸಿಕ ಆರೋಗ್ಯದಲ್ಲಿ ಎರಡು ಗುಂಪಿಗೆ ವ್ಯತ್ಯಾಸ ಸಿಗಲಿಲ್ಲ. ಜೋಡಿ ಮಾಡಿ ಇಟ್ಟು ಇವರಲ್ಲಿ ಗೇ ಯಾರು ಹೇಳಿ ಎಂದರೆ, ಕಣ್ಣು ಮುಚ್ಚಿ ಊಹೆ ಮಾಡಿದಷ್ಟೇ ಸರಿ ಬಂತು. 1957ರಲ್ಲಿ ಪ್ರಕಟವಾದ ಅಧ್ಯಯನ ಇದು. ಇಂದಿಗೂ ನನಗೆ ಇದರ ಸರಳತೆ ಕಂಡರೆ ಖುಷಿ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 1972ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಮ್ಮೇಳನದಲ್ಲಿ ಜಾನ್ ಫ್ರೈಯರ್ ಎಂಬ ಮನೋವೈದ್ಯರು ಮುಖವಾಡ, ವಿಗ್ ಹಾಕಿಕೊಂಡು, ದನಿ ಬದಲಿಸುವ ಮೈಕಿನಲ್ಲಿ ‘ನಾನು ಗೇ, ನಾನು ಮನೋವೈದ್ಯ’ ಎಂದರು. ಮುಖ ತೋರಿಸಿದರೆ ಕೆಲಸ ಹೋಗುವ ಭಯವಿತ್ತು. ಮರುವರ್ಷ, 1973ರ ಡಿಸೆಂಬರಿನಲ್ಲಿ, ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಅದು ಹೋದದ್ದು 1990ರ ಮೇ 17ರಂದು.

‘ಓಹ್, ವೋಟ್ ಹಾಕಿ ಕಾಯಿಲೆ ವಾಸಿ ಮಾಡಿದರಾ?’ ಎಂದು ಯಾರಾದರೂ ಕುಹಕವಾಡಿದರೆ ಹೇಳಿ: 1974ರಲ್ಲಿ ಸದಸ್ಯರ ಮತದಾನ ಆದದ್ದು ನಿಜ, ಆದರೆ ಅದನ್ನು ಕೇಳಿದ್ದು ಆ ತೀರ್ಮಾನವನ್ನು ವಿರೋಧಿಸಿದ್ದ ವೈದ್ಯರೇ. ಮತ ಹಾಕಿದವರಲ್ಲಿ ಶೇ 58ರಷ್ಟು ಸದಸ್ಯರು ತೀರ್ಮಾನದ ಪರ ನಿಂತರು.

ಬಾಲ ಮಾತ್ರ ಉಳಿದುಕೊಂಡಿತು. 1980ರ ಅಮೆರಿಕನ್ ಪಟ್ಟಿಯಲ್ಲಿ ‘ತನ್ನ ಒಲವಿನಿಂದ ತಾನೇ ಸಂಕಟಪಡುವುದು’ ಎಂಬ ಅರ್ಥದ ಹೊಸ ಕಾಯಿಲೆ ಬಂತು. ಸುತ್ತಲಿನವರೆಲ್ಲ ಹೀಯಾಳಿಸುವಾಗ ಸಂಕಟ ಆಗದೆ ಇನ್ನೇನು? 1987ರಲ್ಲಿ ಅದನ್ನೂ ತೆಗೆದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅಂಥದ್ದೇ ಒಂದು ಹೆಸರು ಹೊಸ ಆವೃತ್ತಿ ಜಾರಿಗೆ ಬಂದ 2022ರವರೆಗೂ ಇತ್ತು. ಯಾಕೆ ಹೇಳಿದೆ ಅಂದರೆ, ಹಳೆಯ ಪುಸ್ತಕ ಓದಿ ಬಂದ ಕೆಲವರು ಇನ್ನೂ ಅಲ್ಲೇ ಇದ್ದಾರೆ. “ಕಾಯಿಲೆ ಅಲ್ಲ, ಆದ್ರೆ ನಿಮಗೇ ಬೇಡ ಅನ್ನಿಸ್ತಿದ್ರೆ ಬದಲಾಯಿಸೋಣ” ಎಂದು ಯಾರಾದರೂ ಅಂದರೆ ಆ ಮಾತಿನ ಮೂಲ ಇದು.

ಹಾಗಾದರೆ ನೋವು ಎಲ್ಲಿಂದ?

ಗೇ, ಲೆಸ್ಬಿಯನ್, ಬೈಸೆಕ್ಷುಯಲ್ (ಗಂಡು, ಹೆಣ್ಣು ಇಬ್ಬರ ಕಡೆಗೂ ಒಲವಿರುವ) ಜನರಲ್ಲಿ ಖಿನ್ನತೆ, ಆತಂಕ ಜಾಸ್ತಿ ಎಂಬುದು ಸುಳ್ಳಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದ 2008ರ ಒಂದು ವಿಶ್ಲೇಷಣೆಯಲ್ಲಿ ಉಳಿದವರಿಗಿಂತ ಕನಿಷ್ಠ 1.5 ಪಟ್ಟು ಹೆಚ್ಚು ಎಂದು ಕಂಡಿತು. ಇದನ್ನೇ ಹಿಡಿದು ‘ನೋಡಿ, ಕಾಯಿಲೆಯೇ’ ಎನ್ನುವವರಿದ್ದಾರೆ.

2003ರಲ್ಲಿ ಇಲಾನ್ ಮೇಯರ್ ಎಂಬ ಸಂಶೋಧಕರು ಇದಕ್ಕೊಂದು ವಿವರಣೆ ಕೊಟ್ಟರು. ಅಲ್ಪಸಂಖ್ಯಾತ ಒತ್ತಡ ಎನ್ನಬಹುದು. ಹೊರಗಿನಿಂದ ಬರುವ ಹಿಂಸೆ, ತಾರತಮ್ಯ ಒಂದು ಕಡೆ. ಇನ್ನೊಂದು ಕಡೆ, ಏನೂ ಆಗದ ದಿನವೂ ‘ಈಗ ಏನಾದರೂ ಆಗುತ್ತೆ’ ಎಂದು ಕಾಯುವುದು, ಮುಚ್ಚಿಡುವುದು, ಮತ್ತು ಹೊರಗೆ ಕೇಳಿದ ಬೈಗುಳವನ್ನೇ ತನಗೆ ತಾನೇ ಹೇಳಿಕೊಳ್ಳುವುದು. ಇದನ್ನು ಪರೀಕ್ಷಿಸಿದಂಥ ಒಂದು ಅಧ್ಯಯನವೂ ಇದೆ. 2004-05ರಲ್ಲಿ ಅಮೆರಿಕದ ಕೆಲವು ರಾಜ್ಯಗಳು ಸಲಿಂಗ ವಿವಾಹವನ್ನು ನಿಷೇಧಿಸಿದವು. ಆ ರಾಜ್ಯಗಳ ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಜನರಲ್ಲಿ ಖಿನ್ನತೆಯಂಥ ಕಾಯಿಲೆಗಳು ಶೇ 36.6ರಷ್ಟು ಏರಿದವು. ನಿಷೇಧ ಇಲ್ಲದ ರಾಜ್ಯಗಳ ಅದೇ ಬಗೆಯ ಜನರಲ್ಲಿ ಹಾಗೆ ಏರಲಿಲ್ಲ. ಎರಡೂ ಕಡೆ ಒಲವು ಒಂದೇ, ಕಾನೂನು ಬೇರೆ.

ಮುಚ್ಚಿಡುವುದು ಎಂದರೆ ಒಂದು ದೊಡ್ಡ ಗುಟ್ಟನ್ನು ಕಾಯುವುದು ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ಕೋಣೆಯಲ್ಲಿ ಕೂತು ಕೇಳಿದರೆ ಗೊತ್ತಾಗುತ್ತದೆ, ಅದು ಸಣ್ಣ ಸಣ್ಣ ಕೆಲಸಗಳ ಸರಮಾಲೆ. ಫೋನನ್ನು ಯಾವಾಗಲೂ ಬೋರಲು ಹಾಕಿ ಇಡುವುದು. ಫೋಟೋ ತೆಗೆಯುವಾಗ ಅರ್ಧ ಅಡಿ ದೂರ ನಿಲ್ಲುವುದು. ‘ವೀಕೆಂಡ್ ಏನ್ ಮಾಡಿದ್ರಿ’ ಎಂಬ ಪ್ರಶ್ನೆಗೆ ಹಿಂದಿನ ದಿನವೇ ಉತ್ತರ ತಯಾರು ಮಾಡುವುದು. ಕನ್ನಡದಲ್ಲಂತೂ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದಲ್ಲ, ಅದಕ್ಕೆ ಎಷ್ಟೋ ಜನ ಪ್ರೀತಿಸಿದವರ ಬಗ್ಗೆ ಹೇಳುವಾಗ ‘ಅವರು ಬಂದ್ರು, ಅವರು ಅಂದ್ರು’ ಎಂದು ಬಹುವಚನದಲ್ಲೇ ದಾಟಿಸುತ್ತಾರೆ. ಇಪ್ಪತ್ತರ ಹುಡುಗನೊಬ್ಬ ತನ್ನದೇ ವಯಸ್ಸಿನ ಗೆಳೆಯನಿಗೆ ಇಷ್ಟು ಮರ್ಯಾದೆ ಕೊಡುವುದನ್ನು ಕೇಳಿದಾಗ ನಾನು ಏನೂ ಕೆದಕುವುದಿಲ್ಲ, ನಾನೂ ‘ಅವರು’ ಎಂದೇ ಮುಂದುವರಿಸುತ್ತೇನೆ. ದಿನವಿಡೀ ಹೀಗೆ ಎಚ್ಚರವಾಗಿರುವ ಮನಸ್ಸು ರಾತ್ರಿ ಹೇಗೆ ಮಲಗೀತು?

ಹೋಗುವ ಮೊದಲು ಮನೆಯಲ್ಲೇ ಮಾಡುವ ಕೆಲಸ

ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ನೋಡುವ ಭಯವಿದ್ದರೆ ಒಂದೆರಡು ಪದದ ಗುರುತು ಸಾಕು. ಮನಸ್ಸು ತೀರಾ ಕೆಟ್ಟಾಗ ಎರಡೇ ವಿಷಯ ಬರೆಯಿರಿ: ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಮೈಯಲ್ಲಿ ಏನಾಯಿತು. ವಿಶ್ಲೇಷಣೆ ಬೇಡ.

ಒಬ್ಬರ ಹಾಳೆ ನೆನಪಿದೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ‘ನಾನು ಗೇ ಆಗಿರೋದಕ್ಕೆ ಡಿಪ್ರೆಶನ್’ ಎಂದು ಬಂದವರು. ವಾರದ ಹಾಳೆಯಲ್ಲಿ ಎದೆ ಹಿಡಿದುಕೊಂಡಂತಾದಾಗಲೆಲ್ಲ ಈ ಮೂರರಲ್ಲೇ ಒಂದು ಕಾರಣ: ಸಹೋದ್ಯೋಗಿ ಇವರ ಫೋನ್ ಕೈಗೆತ್ತಿಕೊಂಡದ್ದು, ಮನೆಯಲ್ಲಿ ಮದುವೆ ಮಾತು ಬಂದದ್ದು, ಗುಂಪಿನಲ್ಲಿ ಯಾರೋ ಹೆಣ್ಣಿಗ ಎಂದು ಜೋಕ್ ಹೊಡೆದದ್ದು. ಗೆಳೆಯನ ಜೊತೆ ಇದ್ದ ಭಾನುವಾರದ ಎದುರು ಅವರು ಬರೆದದ್ದು ‘ಏನೂ ಇಲ್ಲ, ಚೆನ್ನಾಗಿ ನಿದ್ದೆ’. ನಾನು ಹಾಳೆಯನ್ನು ಅವರ ಕಡೆ ತಿರುಗಿಸಿಟ್ಟೆ, ಅಷ್ಟೇ.

ವಾರ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾಳೆ ಬೆಳಿಗ್ಗೆ ಏಳುವಷ್ಟರಲ್ಲಿ ಮನೆಯವರು, ಸ್ನೇಹಿತರು, ಆಫೀಸಿನವರು ಎಲ್ಲರೂ ನಿಮ್ಮನ್ನು ಇದ್ದ ಹಾಗೇ ಒಪ್ಪಿಕೊಂಡುಬಿಟ್ಟರೆ ಈ ಪಟ್ಟಿಯಲ್ಲಿ ಏನು ಉಳಿಯುತ್ತದೆ? ಬಹುಪಾಲು ಅಳಿಸಿಹೋದರೆ ನೀವು ಹೊತ್ತಿರುವುದು ಮೇಯರ್ ಹೇಳಿದ ಒತ್ತಡ. ಆದರೂ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗುತ್ತಿಲ್ಲ, ಊಟ ರುಚಿಸುತ್ತಿಲ್ಲ ಎಂದಾದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಗೇ ಜನರಿಗೂ ಥೈರಾಯ್ಡ್ ಏರುಪೇರಾಗುತ್ತದೆ, ಬೈಪೋಲಾರ್ (ಮನಸ್ಸು ತೀರಾ ಏರಿ ತೀರಾ ಇಳಿಯುವ ಕಾಯಿಲೆ) ಬರುತ್ತದೆ, ಸುಮ್ನೆ ಕೆಲಸ ಹಿಡಿಸದೆಯೂ ಬೇಸರ ಬರುತ್ತದೆ. ಎಲ್ಲವನ್ನೂ ಒಲವಿನ ಖಾತೆಗೆ ಬರೆಯಬೇಡಿ. ಕೌನ್ಸೆಲರ್ ಬರೆದರೂ ಬಿಡಬೇಡಿ.

ಇನ್ನೊಂದು ಗುಂಪಿನವರ ಬಗ್ಗೆ ಇಲ್ಲಿಯೇ ಹೇಳಬೇಕು. ಕೆಲವರಿಗೆ ತಮ್ಮದೇ ಲಿಂಗದವರ ಕಡೆ ಆಸೆ ಏನೂ ಇರುವುದಿಲ್ಲ, ‘ನಾನೇನಾದ್ರೂ ಗೇ ಆಗಿದ್ರೆ?’ ಎಂಬ ಭಯದ ಯೋಚನೆ ಮಾತ್ರ ಬಿಡದೆ ತಿರುಗುತ್ತಿರುತ್ತದೆ. ದಿನಕ್ಕೆ ಹತ್ತಾರು ಸಲ ತಮ್ಮ ಮೈ ಮನಸ್ಸನ್ನು ಪರೀಕ್ಷೆ ಮಾಡಿಕೊಳ್ಳುತ್ತಾರೆ, ಗೂಗಲ್‌ನಲ್ಲಿ ಟೆಸ್ಟ್ ಹುಡುಕುತ್ತಾರೆ, ಸ್ವಲ್ಪ ಸಮಾಧಾನ ಆಗಿ ಮತ್ತೆ ಶುರು. ಇದು ಓಸಿಡಿಯ (ಬೇಡದ ಯೋಚನೆ, ಮಾಡಿದ್ದನ್ನೇ ಮಾಡುವ ಒತ್ತಾಯ ಬಿಡದೆ ಕಾಡುವ ಕಾಯಿಲೆ) ಒಂದು ರೂಪ ಆಗಿರಬಹುದು, ಓಸಿಡಿಗೆ ಇರುವ ಚಿಕಿತ್ಸೆಯೇ ಇದಕ್ಕೂ. ಒಲವು ಇರುವವರಿಗೆ ಆ ಕಡೆ ಒಂದು ಸೆಳೆತ, ಕಲ್ಪನೆ, ಖುಷಿ ಇರುತ್ತದೆ, ಜೊತೆಗೆ ಭಯವೂ ಇರಬಹುದು. ಇಲ್ಲಿ ಪರೀಕ್ಷೆ ಮತ್ತು ಭಯವೇ ಜಾಸ್ತಿ. ಎರಡರಲ್ಲಿ ಯಾವುದು ಎಂದು ನೀವೊಬ್ಬರೇ ತೀರ್ಮಾನ ಮಾಡಲು ಕೂರಬೇಡಿ, ಓಸಿಡಿ ಗೊತ್ತಿರುವವರ ಹತ್ತಿರ ಹೋಗಿ.

ಫೋನಿನಲ್ಲೇ ಕೇಳಬೇಕಾದ ಪ್ರಶ್ನೆಗಳು

ಸಮಯ ಗೊತ್ತು ಮಾಡಲು ಫೋನ್ ಮಾಡಿದಾಗಲೇ ಎರಡು ಮೂರು ಪ್ರಶ್ನೆ ಕೇಳಿಬಿಡಿ. ಹೆಸರು ಹೇಳಬೇಕಾಗಿಲ್ಲ. ‘ನನ್ನ ಸ್ನೇಹಿತರಿಗಾಗಿ ಕೇಳುತ್ತಿದ್ದೇನೆ’ ಎಂದರೂ ಆಯಿತು, ನಮಗೆ ಅದು ಅಭ್ಯಾಸ.

‘ಗೇ, ಲೆಸ್ಬಿಯನ್ ಜನರ ಜೊತೆ ಕೆಲಸ ಮಾಡಿದ್ದೀರಾ?’ ಎಂದು ಕೇಳಿ. ‘ನನಗೆ ಎಲ್ಲರೂ ಒಂದೇ’ ಎಂಬ ಉತ್ತರ ಬಂದರೆ ಅದು ಒಳ್ಳೆಯ ಮನಸ್ಸು ಇರಬಹುದು, ಅನುಭವ ಅಲ್ಲ. ‘ಜಾಸ್ತಿ ಇಲ್ಲ, ಆದರೆ ಓದಿಕೊಂಡಿದ್ದೇನೆ, ತಿಳಿಯದಿದ್ದರೆ ಗೊತ್ತಿರುವವರನ್ನು ಕೇಳುತ್ತೇನೆ’ ಎಂದರೆ ನಾನಾದರೆ ಹೋಗುತ್ತೇನೆ.

‘ಒಲವು ಬದಲಾಯಿಸೋದಕ್ಕೆ ಆಗುತ್ತಾ?’ ಎಂದೂ ಕೇಳಿ, ನಿಮಗೆ ಉತ್ತರ ಗೊತ್ತಿದ್ದರೂ ಕೇಳಿ. ‘ಆಗಲ್ಲ, ನಾನು ಅದನ್ನು ಮಾಡಲ್ಲ’ ಎಂದು ನೇರವಾಗಿ ಬರಬೇಕು. ‘ಬನ್ನಿ ನೋಡೋಣ’, ‘ಇದು ಒಂದು ಹಂತ’, ‘ಮದುವೆ ಆದರೆ ಸರಿಹೋಗುತ್ತೆ’, ‘ಮೊದಲು ಹಾರ್ಮೋನ್ ಟೆಸ್ಟ್ ಮಾಡಿಸಿ’, ಇವುಗಳಲ್ಲಿ ಯಾವುದು ಬಂದರೂ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಹಾರ್ಮೋನ್ ವಿಷಯ ಸ್ವಲ್ಪ ವಿಜ್ಞಾನದಂತೆ ಕೇಳುತ್ತದೆ, ಅದಕ್ಕೆ ಜನ ಬೀಳುತ್ತಾರೆ. ಟೆಸ್ಟೋಸ್ಟೆರಾನ್ ಕೊಟ್ಟರೆ ಆಸೆ ಹೆಚ್ಚಬಹುದು, ಅದು ಯಾರ ಕಡೆ ಎಂಬುದು ಬದಲಾಗುವುದಿಲ್ಲ.

ಕನ್ವರ್ಷನ್ ಥೆರಪಿ ಎಂದು ಕರೆಯುವ ಈ ‘ಬದಲಾವಣೆ’ಯ ದಾಖಲೆ ಚೆನ್ನಾಗಿಲ್ಲ. 1960ರ ದಶಕದಲ್ಲಿ ಗಂಡಸರ ಚಿತ್ರ ತೋರಿಸಿ ಕರೆಂಟ್ ಶಾಕ್ ಕೊಟ್ಟರು, ವಾಂತಿ ಬರಿಸುವ ಔಷಧ ಚುಚ್ಚಿದರು. 1973ರಲ್ಲಿ ಪಟ್ಟಿಯಿಂದ ತೆಗೆಸುವಲ್ಲಿ ಮುಂದೆ ನಿಂತಿದ್ದ ರಾಬರ್ಟ್ ಸ್ಪಿಟ್ಜರ್ ಅವರೇ 2003ರಲ್ಲಿ 200 ಜನರನ್ನು ಫೋನಿನಲ್ಲಿ ಮಾತಾಡಿಸಿ ‘ಕೆಲವರು ಬದಲಾಗಬಹುದು’ ಎಂದು ಬರೆದರು. ಥೆರಪಿ ನಡೆಸುವವರು ವರ್ಷಗಟ್ಟಲೆ ಅದನ್ನೇ ಹಿಡಿದು ಓಡಾಡಿದರು. ಆ ಜನ ಹೇಳಿದ್ದು ನಿಜವೇ ಎಂದು ತಿಳಿಯುವ ದಾರಿಯೇ ಇರಲಿಲ್ಲ ಎಂದು ಒಪ್ಪಿಕೊಂಡು 2012ರಲ್ಲಿ ಸ್ಪಿಟ್ಜರ್ ಗೇ ಸಮುದಾಯದ ಕ್ಷಮೆ ಕೇಳಿದರು. ‘ಬದಲಾವಣೆ’ಯ ಭರವಸೆ ಕೊಡುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಸಂಘಟನೆ ಮರುವರ್ಷ ಕ್ಷಮೆ ಕೇಳಿ ಬಾಗಿಲು ಹಾಕಿತು. ಮಾಲ್ಟಾ 2016ರಲ್ಲಿ, ಕೆನಡಾ ಮತ್ತು ನ್ಯೂಜಿಲೆಂಡ್ 2022ರಲ್ಲಿ ಇದನ್ನು ಕಾನೂನಿನಿಂದಲೇ ತಡೆದವು. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ 2022ರಲ್ಲಿ ಇದನ್ನು ವೈದ್ಯರ ವೃತ್ತಿ ದುರ್ನಡತೆ ಎಂದಿತು.

ಮೂರನೆಯ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ‘ನಮ್ಮ ಮನೆಯವರು ಫೋನ್ ಮಾಡಿ ಏನಾಗಿದೆ ಅಂತ ಕೇಳಿದ್ರೆ ಏನ್ ಹೇಳ್ತೀರಿ?’ ಫೀಸು ಕೊಡುವವರು ಅಪ್ಪ ಅಮ್ಮ ಆಗಿದ್ದರಂತೂ ತಪ್ಪದೆ ಕೇಳಿ. ಪ್ರಾಣಕ್ಕೆ ಅಪಾಯ ಇದ್ದಾಗ, ಕಾನೂನು ಕಡ್ಡಾಯ ಮಾಡಿದಾಗ ಗೌಪ್ಯತೆ ಮುರಿಯಬೇಕಾಗುತ್ತದೆ. ಒಲವು ಆ ಪಟ್ಟಿಯಲ್ಲಿ ಬರುವುದಿಲ್ಲ. ಈ ಮಿತಿಗಳನ್ನು ಬಿಡಿಸಿ ಹೇಳದ ಕೌನ್ಸೆಲರ್ ಬೇಡ. ನಿಮಗೆ 18 ತುಂಬಿಲ್ಲದಿದ್ದರೆ ನಿಯಮ ಬೇರೆ ಇರಬಹುದು, ಅದನ್ನೂ ಮೊದಲೇ ಕೇಳಿ.

ಮೊದಲ ಭೇಟಿ

ಮೊದಲ ದಿನವೇ ಎಲ್ಲ ಹೇಳಬೇಕೆಂದಿಲ್ಲ. ‘ಒಂದು ವಿಷಯ ಇದೆ, ಇವತ್ತು ಹೇಳಲ್ಲ’ ಎಂದರೆ ಸಾಕು. ಹೇಳಿದಾಗ ಎದುರಿನವರ ಮುಖಕ್ಕಿಂತ ಮುಂದಿನ ಪ್ರಶ್ನೆಯನ್ನು ಗಮನಿಸಿ. ‘ಯಾವಾಗಿಂದ ಹೀಗೆ? ಚಿಕ್ಕವರಿದ್ದಾಗ ಏನಾದರೂ ಆಗಿತ್ತಾ?’ ಎಂದು ಕಾರಣ ಹುಡುಕಲು ಹೊರಟರೆ ಅವರು ಒಲವನ್ನೇ ರೋಗ ಮಾಡಿಕೊಂಡಿದ್ದಾರೆ. ‘ಇದನ್ನ ಬೇರೆ ಯಾರಿಗೆ ಹೇಳಿದ್ದೀರಿ? ಹೇಳಿದಾಗ ಏನಾಯ್ತು?’ ಎಂದರೆ ಸರಿಯಾದ ಜಾಗದಲ್ಲಿದ್ದೀರಿ.

ನೀವು ಗೇ ಎಂಬ ಕಾರಣಕ್ಕೆ ಹೊಸದೊಂದು ಮಾಯದ ಥೆರಪಿ ಇಲ್ಲ. ಖಿನ್ನತೆಗೆ, ಆತಂಕಕ್ಕೆ ಎಲ್ಲರಿಗೂ ಮಾಡುವ ಸಿಬಿಟಿಯನ್ನೇ (ಯೋಚನೆ, ನಡವಳಿಕೆಯ ರೂಢಿ ಬದಲಿಸುವ ಮಾತಿನ ಚಿಕಿತ್ಸೆ) ನಿಮ್ಮ ಬದುಕಿಗೆ ಹೊಂದಿಸುತ್ತಾರೆ. ಮನಶ್ಶಾಸ್ತ್ರಜ್ಞ ಜಾನ್ ಪಚಾಂಕಿಸ್ ಮತ್ತು ಸಂಗಡಿಗರು ಗೇ, ಬೈಸೆಕ್ಷುಯಲ್ ಯುವಕರಿಗೆ ಹೀಗೆ ಹೊಂದಿಸಿದ 10 ಭೇಟಿಗಳ ಕ್ರಮವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು, ಖಿನ್ನತೆ ಕಡಿಮೆಯಾಗಿತ್ತು. ಉದಾಹರಣೆಗೆ, ‘ಯಾರಿಗೂ ಗೊತ್ತಾಗಬಾರದು’ ಎಂಬ ಎಚ್ಚರ ಎಲ್ಲಿ ನಿಜಕ್ಕೂ ಬೇಕು, ಎಲ್ಲಿ ಬರೀ ಹಳೆಯ ಅಭ್ಯಾಸ ಎಂದು ಒಂದೊಂದೇ ಜಾಗ ಹಿಡಿದು ನೋಡುತ್ತೇವೆ. ಕೆಲವು ಕಡೆ ಆ ಎಚ್ಚರ ಬೇಕೇ ಬೇಕು. ಅದನ್ನು ಕಾಯಿಲೆ ಎನ್ನುವ ಕೌನ್ಸೆಲರ್‌ಗೆ ನಿಮ್ಮ ಬದುಕು ಅರ್ಥವಾಗಿಲ್ಲ.

ಅದೇ ಕಾರಣಕ್ಕೆ, ಮನೆಯವರಿಗೆ ಹೇಳಿಬಿಡಿ ಎಂದು ಹೋಂವರ್ಕ್ ಕೊಡುವವರನ್ನು ನಾನು ಒಪ್ಪುವುದಿಲ್ಲ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೇಳಿದ ರಾತ್ರಿ ಎಲ್ಲಿ ಮಲಗುತ್ತೀರಿ? ಕೈಯಲ್ಲಿ ನಿಮ್ಮದೇ ದುಡ್ಡಿದೆಯಾ? ಸರ್ಟಿಫಿಕೇಟು, ಗುರುತಿನ ಚೀಟಿ ಯಾರ ಬೀರುವಿನಲ್ಲಿವೆ? ಇದಕ್ಕೆಲ್ಲ ಉತ್ತರ ಸಿಕ್ಕ ಮೇಲೆ ಮಾತು. ಮೊದಲು ಹೇಳುವುದು ಒಪ್ಪುವ ಸಾಧ್ಯತೆ ಹೆಚ್ಚಿರುವ ಒಬ್ಬರಿಗೆ. ಹೇಳದೆಯೂ ಇರಬಹುದು, ಅದೂ ನಿಮ್ಮದೇ ಆಯ್ಕೆ.

ಮಗನನ್ನೋ ಮಗಳನ್ನೋ ಕರೆದುಕೊಂಡು ಬರುವವರಿಗೆ

ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ, ಮೊದಲು ನಿಮ್ಮ ಮೇಲಿನ ಆಪಾದನೆ ತೆಗೆಯುತ್ತೇನೆ. 1962ರಲ್ಲಿ ಇರ್ವಿಂಗ್ ಬೀಬರ್ ಎಂಬ ಮನೋವಿಶ್ಲೇಷಕರು ಅತಿಯಾಗಿ ಹಚ್ಚಿಕೊಂಡ ತಾಯಿ, ದೂರ ನಿಂತ ತಂದೆಯಿಂದ ಮಗ ಹೀಗಾಗುತ್ತಾನೆ ಎಂದು ಬರೆದಿದ್ದರು. ಅದು ನಿಲ್ಲಲಿಲ್ಲ. ನೀವು ಸಾಕಿದ ರೀತಿಯಿಂದ ಆದದ್ದಲ್ಲ. ಸುಮಾರು 4.7 ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ನೋಡಿದ 2019ರ ಅಧ್ಯಯನದಲ್ಲಿ ‘ಗೇ ಜೀನ್’ ಎಂಬ ಒಂದೇ ಒಂದು ಜೀನ್ ಸಿಗಲಿಲ್ಲ. ಸಣ್ಣ ಸಣ್ಣ ಪರಿಣಾಮದ ಬಹಳಷ್ಟು ಸೇರಿವೆ, ಅದರ ಜೊತೆಗೆ ಬೇರೆಯವೂ. ಕಾರಣ ಹುಡುಕುವುದನ್ನು ವಿಜ್ಞಾನಿಗಳಿಗೆ ಬಿಡಿ. 1935ರಲ್ಲಿ ಒಬ್ಬ ಅಮೆರಿಕನ್ ತಾಯಿ ಮಗನ ಬಗ್ಗೆ ಬರೆದಾಗ ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ ಕೊಟ್ಟ ಉತ್ತರದಲ್ಲೇ ಇತ್ತು, ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ, ಇದನ್ನು ಕಾಯಿಲೆ ಎನ್ನಲಾಗದು ಎಂದು.

ನಿಮ್ಮ ಕೈಯಲ್ಲಿ ಇರುವುದು ಇನ್ನೊಂದು. ಸಂಶೋಧಕಿ ಕೈಟ್ಲಿನ್ ರಯಾನ್ ಅವರ 2009ರ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡವರಲ್ಲಿ ಹೆಚ್ಚಿನ ಮಟ್ಟದ ಖಿನ್ನತೆ, ತಿರಸ್ಕಾರ ಕಾಣದ ಅಥವಾ ಸ್ವಲ್ಪವೇ ಕಂಡವರಿಗಿಂತ 5.9 ಪಟ್ಟು ಹೆಚ್ಚಿತ್ತು. ಒಪ್ಪಲು ಸಮಯ ಬೇಕಿದ್ದರೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ಫೋನ್ ಕಸಿಯಬೇಡಿ, ಸ್ನೇಹಿತರನ್ನು ಬಿಡಿಸಬೇಡಿ, ನಿಮ್ಮ ಎದುರು ಬೇರೆಯವರು ಹೀಯಾಳಿಸಿದರೆ ಸುಮ್ಮನಿರಬೇಡಿ. ‘ನಂಗೆ ಅರ್ಥ ಆಗ್ತಿಲ್ಲ, ಆದ್ರೆ ನೀನು ಎಲ್ಲೂ ಹೋಗ್ಬೇಡ’ ಎಂಬಷ್ಟು ಹೇಳಿದರೂ ಸಾಕು. ಮಗುವಿಗಿಂತ ಮೊದಲು ನಿಮಗೇ ಕೌನ್ಸೆಲಿಂಗ್ ಬೇಕಿರಬಹುದು, ಬೇರೆ ಕೌನ್ಸೆಲರ್ ಹತ್ತಿರ ಹೋಗಿ.

ಕಾಯಬಾರದ ಸಂದರ್ಭ, ಬಿಟ್ಟು ಬರುವ ಸಂದರ್ಭ

ಸಾಯುವ ಯೋಚನೆ ಬರುತ್ತಿದ್ದರೆ ಈ ಹಾಳೆ, ಪ್ರಶ್ನೆ, ಫೋನ್ ವಿಚಾರಣೆ ಎಲ್ಲ ಬಿಡಿ. ಅವತ್ತೇ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಅಥವಾ ಸಹಾಯವಾಣಿಗೆ ಫೋನ್ ಮಾಡಿ. ಅಲ್ಲಿ ನಿಮ್ಮ ಒಲವಿನ ವಿಷಯ ಹೇಳಲೇಬೇಕೆಂದಿಲ್ಲ. ‘ಬದುಕಬೇಕು ಅನ್ನಿಸ್ತಿಲ್ಲ’ ಎಂಬ ಒಂದು ಮಾತು ಸಾಕು.

ಉಳಿದಂತೆ, ನಾಲ್ಕಾರು ಭೇಟಿಯಾದರೂ ನೀವೇ ಕೌನ್ಸೆಲರ್‌ಗೆ ಪಾಠ ಮಾಡುತ್ತಿದ್ದರೆ, ಅಥವಾ ಪ್ರತಿ ಸಲ ಹೊರಗೆ ಬರುವಾಗ ಒಳಗೆ ಹೋದಾಗ ಇದ್ದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದ್ದರೆ ಬದಲಾಯಿಸಿ. ಕಾರಣ ಕೊಡಬೇಕಾಗಿಲ್ಲ, ‘ಸದ್ಯಕ್ಕೆ ನಿಲ್ಲಿಸ್ತೀನಿ’ ಎಂದು ಮೆಸೇಜ್ ಹಾಕಿದರೂ ಆಯಿತು. ಮಾತ್ರೆ ಶುರುವಾಗಿದ್ದರೆ ಅದನ್ನು ಮಾತ್ರ ಒಮ್ಮೆಲೇ ಬಿಡಬೇಡಿ. ಡಿಪ್ರೆಶನ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಕಿರಿಕಿರಿ ಆಗಬಹುದು, ಕಾಯಿಲೆ ವಾಪಸ್ ಬಂತು ಎಂದು ಹೆದರಿಕೊಳ್ಳುತ್ತೀರಿ. ಚೀಟಿ ಜೊತೆಗಿಟ್ಟುಕೊಂಡು ಮುಂದಿನ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಇಳಿಸಿ.